ರಕ್ತದ ಮೂಲವೂ ಅದರ ಸಂಯಮವೂ

ಉಗ್ರಾಣದಲ್ಲಿ ಅಕ್ಕಿಯೆಷ್ಟು ಉಳಿದಿದೆ, ರಾಗಿಯೆಷ್ಟು ಉಳಿದಿದೆ ಎಂಬ ಲೆಕ್ಕವು ಪ್ರತಿಯೊಂದು ಸಂಸಾರದಲ್ಲಿಯೂ ಇರುವುದು. ಆದರೆ ನಮ್ಮ ದೇಹವೆಂಬ ಮನೆಯಲ್ಲಿ ಅನುದಿನವೂ ವೆಚ್ಚವಾಗುತ್ತಿರುವ ರಕ್ತವನ್ನು ತುಂಬಿಕೊಡುವವರಾರು, ಎಲ್ಲಿಂದ ತಂದು ತುಂಬುವರು ಎಂದು ವಿಚಾರಿಸುವವರು ವಿರಳ. ಬೆಳೆದ ಮನುಷ್ಯನಲ್ಲಿ ಸುಮಾರು 5 ಲೀಟರು ರಕ್ತವಿರುವುದಷ್ಟೆ. ಅದರಲ್ಲಿನ ಕೆಂಪುಕಣವೊಂದರ ಆಯುಸ್ಸು ಸುಮಾರು 120 ದಿವಸ. ಗಾಯವಾದಾಗ ರಕ್ತಸ್ರಾವವನ್ನು ತಡೆಯುವ ಪ್ಲೇಟ್‌ಲೆಟ್ಟುಗಳಿಗೆ ಹತ್ತು ದಿವಸದ ಆಯುಸ್ಸು ದೊರೆತರೆ ಅದೇ ಹೆಚ್ಚು. ಹೀಗೆ ಅಳಿದವುಗಳ ಸ್ಥಾನವನ್ನು ತುಂಬುವುದಕ್ಕಾಗಿ ಒಂದೊಂದು ಸೆಕೆಂಡಿನಲ್ಲಿಯೂ ಸುಮಾರು 20 ಲಕ್ಷ ಹೊಸ ಕೆಂಪುಕಣಗಳು ಹುಟ್ಟಬೇಕಾಗುತ್ತದೆ. ವಾಚಕರು ಈ ಖಂಡವನ್ನು ಓದಿ ಮುಗಿಸುವುದರೊಳಗಾಗಿ ಅವರ ದೇಹದಲ್ಲಿ ಕೆಲವು ಕೋಟಿ ಕಣಗಳು ಹುಟ್ಟಿರುವುವು. ಇಷ್ಟು ದೊಡ್ಡ ಉದ್ಯಮವು ಸದ್ದಿಲ್ಲದೆ ನಡೆಯುತ್ತಿರುವುದರಿಂದಲೇ ನಾವು ಅದನ್ನು ಗಮನಿಸುವುದಿಲ್ಲ. ಅದು ಕೆಟ್ಟಾಗ ಮಾತ್ರ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಅದರ ಹೆಸರನ್ನು ಕಲಿಯುವೆವು.

ನಮ್ಮ ಪ್ರಾಚೀನ ವೈದ್ಯಶಾಸ್ತ್ರವು ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂದು ಏಳು ಧಾತುಗಳನ್ನು ಹೇಳುತ್ತದೆ. ಅನ್ನದಿಂದಾದ ರಸವು ಯಕೃತ್ತು ಮತ್ತು ಪ್ಲೀಹಗಳಲ್ಲಿ ಬಣ್ಣವನ್ನು ಪಡೆದು ರಕ್ತವಾಗುವುದೆಂಬುದು ಅದರ ಮತ. ಆ ಕ್ರಮದಲ್ಲಿ ರಕ್ತವು ಎರಡನೆಯದು, ಮಜ್ಜೆಯು ಆರನೆಯದು. ಆದರೆ 1868ರಲ್ಲಿ ಕೋನಿಗ್ಸ್‌ಬರ್ಗ್ ಪಟ್ಟಣದ ಅರ್ನ್‌ಸ್ಟ್ ನಾಯ್ಮನ್ ಎಂಬ ಪಂಡಿತನೂ, ಅದೇ ಕಾಲದಲ್ಲಿ ಇಟಲಿಯ ಜೂಲಿಯೋ ಬಿಝೊಝೆರೋ ಎಂಬುವನೂ ಸೂಕ್ಷ್ಮದರ್ಶಕದ ಮೂಲಕ ನೋಡಿ, ರಕ್ತಕಣಗಳು ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ ಎಂದು ತೋರಿಸಿಕೊಟ್ಟರು. ಅಂದರೆ ಮಜ್ಜೆಯೇ ಮೊದಲು, ರಕ್ತವು ಅನಂತರ. ಹಾಗೆಂದು ಹಿರಿಯರ ಮಾತು ಕೇವಲ ನಿರಾಧಾರವೂ ಅಲ್ಲ. ಗರ್ಭದಲ್ಲಿರುವ ಶಿಶುವಿಗೆ ಕೆಲವು ತಿಂಗಳುಗಳ ಕಾಲ ರಕ್ತವು ಮುಖ್ಯವಾಗಿ ಯಕೃತ್ತಿನಲ್ಲಿಯೇ ಹುಟ್ಟುವುದು. ಪೂರ್ವಿಕರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಬೀಗುವುದೂ ತರವಲ್ಲ, ಏನನ್ನೂ ಅರಿಯದವರೆಂದು ಹಳಿಯುವುದೂ ತರವಲ್ಲ. ಕಂಡದ್ದನ್ನು ಕಂಡಂತೆ ಒಪ್ಪಿಕೊಳ್ಳುವುದೇ ವಿದ್ಯೆಯ ಲಕ್ಷಣ.

ಇನ್ನು ಮಜ್ಜೆಯಲ್ಲಿ ರಕ್ತವು ಹುಟ್ಟುವ ಬಗೆಯನ್ನು ನೋಡೋಣ. ಅದಕ್ಕೆ ನಮ್ಮ ಅಡುಗೆಮನೆಯೇ ತಕ್ಕ ದೃಷ್ಟಾಂತವನ್ನು ಕೊಡುತ್ತದೆ. ರಾತ್ರಿ ಹಾಲಿಗೆ ಒಂದು ಚಮಚ ಮೊಸರನ್ನು ಹೆಪ್ಪು ಹಾಕುವರು. ಬೆಳಗಾಗುವಾಗ ಪಾತ್ರೆ ತುಂಬ ಮೊಸರಾಗಿರುವುದು. ಎಲ್ಲವನ್ನೂ ಬಡಿಸಿ ಮುಗಿಸುವುದಿಲ್ಲ. ನಾಳೆಯ ಹೆಪ್ಪಿಗೆಂದು ಒಂದಿಷ್ಟನ್ನು ತೆಗೆದಿಡುವರು. ಹೀಗೆ ಒಂದೇ ಹೆಪ್ಪು ಅತ್ತೆಯಿಂದ ಸೊಸೆಗೆ ಬಂದು ವರ್ಷಗಟ್ಟಲೆ ನಡೆಯುವುದುಂಟು. ಮಜ್ಜೆಯಲ್ಲಿಯೂ ಇಂಥ ಹೆಪ್ಪಿನಂಥ ಕೋಶಗಳು ಕೆಲವಿವೆ. ಇವುಗಳನ್ನು ಇಂಗ್ಲಿಷಿನಲ್ಲಿ ಸ್ಟೆಮ್ ಸೆಲ್ ಎಂದೂ ಕನ್ನಡದ ಬರಹಗಳಲ್ಲಿ ಆಕರಕೋಶ ಅಥವಾ ಕಾಂಡಕೋಶ ಎಂದೂ ಕರೆಯುವರು. ಅವುಗಳಲ್ಲಿ ಎರಡು ಗುಣಗಳು. ಒಡೆದು ಎರಡಾದಾಗ ತನ್ನಂಥ ಕೋಶವನ್ನು ಉಳಿಸಿಕೊಳ್ಳುವುದು ಒಂದು. ಬೇಕಾದಾಗ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ಟುಗಳ ಸಂತತಿಗೆ ಜನ್ಮಕೊಡುವುದು ಇನ್ನೊಂದು. 1961ರಲ್ಲಿ ಕೆನಡಾದ ಟೊರಾಂಟೋದಲ್ಲಿ ಟಿಲ್ ಮತ್ತು ಮೆಕಲಕ್ ಎಂಬಿಬ್ಬರು, ವಿಕಿರಣದಿಂದ ಮಜ್ಜೆಯು ನಾಶವಾದ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆಯನ್ನು ಚುಚ್ಚಿದಾಗ, ಅವುಗಳ ಪ್ಲೀಹದಲ್ಲಿ ಸಣ್ಣ ಸಣ್ಣ ಗಂಟುಗಳೆದ್ದುದನ್ನು ಕಂಡರು. ಒಂದೊಂದು ಗಂಟೂ ಒಂದೊಂದೇ ಕೋಶದ ಸಂತತಿಯೆಂದು ಮುಂದೆ ಸಿದ್ಧವಾಯಿತು. ಆಕರಕೋಶದ ಶಾಸ್ತ್ರಕ್ಕೆ ಅಲ್ಲಿಂದ ಭದ್ರವಾದ ತಳಹದಿ ದೊರೆಯಿತು.

ಹೆಪ್ಪನ್ನು ಉಳಿಸುವುದು ಹೇಗೆ ಮನೆಯೊಡತಿಯ ಎಚ್ಚರವನ್ನು ಅವಲಂಬಿಸಿದೆಯೋ, ಹಾಗೆಯೇ ಆಕರಕೋಶಗಳ ಯೋಗಕ್ಷೇಮವು ಸಂಯಮವನ್ನು ಅವಲಂಬಿಸಿದೆ. ಆರೋಗ್ಯವಂತನ ಮಜ್ಜೆಯಲ್ಲಿ ಅವುಗಳಲ್ಲಿ ಹೆಚ್ಚಿನವು ಒಡೆಯದೆ, ದುಡಿಯದೆ, ನಿಶ್ಚಲವಾಗಿರುವುವು. ಇದು ಸೋಮಾರಿತನವಲ್ಲ, ಮೂಲಧನವನ್ನು ಮುಟ್ಟದಿರುವ ವಿವೇಕ. ಅವುಗಳ ಸಂತತಿಯಾದ ಮರಿಕೋಶಗಳೇ ನಿತ್ಯದ ದುಡಿಮೆಯನ್ನು ನಡೆಸುವುವು. ಯಾವಾಗ ಏಳಬೇಕು, ಯಾವಾಗ ಸುಮ್ಮನಿರಬೇಕು ಎಂಬ ಆಜ್ಞೆಗಳು ಕೋಶಗಳಿಗೆ ಹೊರಗಿನಿಂದ ಬರುವುವು. ಈ ಆಜ್ಞೆಗಳ ಸಂಚಾರಕ್ಕೇ ಕೋಶಸಂಕೇತವೆಂದು ಹೆಸರು.

ಒಂದು ಉದಾಹರಣೆಯನ್ನು ಹೇಳುವೆವು. ರಕ್ತದಲ್ಲಿ ಆಮ್ಲಜನಕವು ಕಡಮೆಯಾದರೆ ಅದನ್ನು ಮೂತ್ರಪಿಂಡವು ಅರಿಯುವುದು. ಅದು ಎರಿತ್ರೊಪೊಯೆಟಿನ್ ಎಂಬ ದ್ರವ್ಯವನ್ನು ರಕ್ತಕ್ಕೆ ಬಿಡುವುದು. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರು ರಕ್ತಹೀನರಾಗುವುದೂ, ಅವರಿಗೆ ಈ ದ್ರವ್ಯವನ್ನೇ ಚುಚ್ಚುಮದ್ದಾಗಿ ಕೊಡುವುದೂ ಈ ಕಾರಣದಿಂದಲೇ. ಈ ಓಲೆಕಾರನು ಮಜ್ಜೆಯ ಕೋಶದ ಬಳಿಗೆ ಬಂದರೂ ಒಳಹೊಗಲಾರನು. ಹೊರಬಾಗಿಲಲ್ಲಿರುವ ಗ್ರಾಹಕವೆಂಬ ಕದವನ್ನು ತಟ್ಟುವನು. ಕದದ ಒಳಮಗ್ಗುಲಲ್ಲಿ ಜಾಕ್ ಎಂಬ ದ್ವಾರಪಾಲಕನು ಎಚ್ಚತ್ತು, ಸ್ಟ್ಯಾಟ್ ಎಂಬ ಇನ್ನೊಬ್ಬ ಸೇವಕನನ್ನು ಎಬ್ಬಿಸುವನು. ಈ ಸ್ಟ್ಯಾಟ್ ಕೋಶದ ಗರ್ಭಗೃಹಕ್ಕೆ ಹೋಗಿ, ಅಲ್ಲಿರುವ ಜೀನುಗಳೆಂಬ ಕಡತದಲ್ಲಿ ತಕ್ಕ ಪುಟವನ್ನು ತೆರೆಯಿಸುವನು. ಕೆಂಪುಕಣಗಳ ಉತ್ಪತ್ತಿಯು ಹೆಚ್ಚುವುದು. ಜಾಕ್ ಎಂಬ ಹೆಸರಿನ ಮೊದಲಕ್ಷರವು ರೋಮನರ ದ್ವಾರದೇವತೆಯಾದ ಇಮ್ಮುಖದ ಜೇನಸ್ಸಿನಿಂದ ಬಂದುದು. ಆದುದರಿಂದ ದ್ವಾರಪಾಲಕನೆಂಬ ನಮ್ಮ ಮಾತು ಅಸಂಗತವಲ್ಲ.

ಓಲೆಕಾರನು ಬರದೆಯೇ ದ್ವಾರಪಾಲಕನು ಹಗಲಿರುಳೂ ಕೂಗುತ್ತಿದ್ದರೆ ಗತಿಯೇನು? 2005ರಲ್ಲಿ ಹಲವು ದೇಶಗಳ ಸಂಶೋಧಕರು ಇದನ್ನೇ ಕಂಡುಹಿಡಿದರು. ಕೆಂಪುಕಣಗಳು ಅತಿಯಾಗಿ ಹೆಚ್ಚಿ ರಕ್ತವು ಮಂದವಾಗುವ ಪಾಲಿಸೈತೀಮಿಯಾ ವೆರಾ ಎಂಬ ವ್ಯಾಧಿಯುಳ್ಳವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ, ಜಾಕ್2 ಎಂಬ ಪ್ರೋಟೀನಿನ 617ನೆಯ ಸ್ಥಾನದಲ್ಲಿ ಒಂದೇ ಒಂದು ಘಟಕ ಬದಲಾಗಿತ್ತು. ಒಂದಕ್ಷರದ ತಪ್ಪಿನಿಂದ ಶ್ಲೋಕದ ಅರ್ಥವೇ ಕೆಡುವುದನ್ನು ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ದೇಹದಲ್ಲಿಯೂ ಅದೇ ನ್ಯಾಯ. ಈ ಜ್ಞಾನದ ಫಲವಾಗಿ ಜಾಕನ್ನು ಅಡಗಿಸುವ ರುಕ್ಸೊಲಿಟಿನಿಬ್ ಎಂಬ ಔಷಧವು ತಯಾರಾಗಿ, ಮಜ್ಜೆಯು ನಾರುಗಟ್ಟುವ ಇನ್ನೊಂದು ರೋಗಕ್ಕಾಗಿ 2011ರಲ್ಲಿ ಅಮೆರಿಕದಲ್ಲಿ ಅನುಮತಿಯನ್ನು ಪಡೆಯಿತು. ಇದಕ್ಕೂ ಮುಂಚೆ, 2001ರಲ್ಲಿ, ಒಂದು ಬಗೆಯ ದೀರ್ಘಕಾಲದ ರಕ್ತದ ಅರ್ಬುದಕ್ಕೆ ಇಮಾಟಿನಿಬ್ ಎಂಬ ಮಾತ್ರೆಯು ಬಂದಿತು. ಆ ರೋಗದ ಗುರುತಾದ ವಿಕೃತ ವರ್ಣತಂತುವನ್ನು 1960ರಲ್ಲಿ ಕಂಡಿದ್ದರು. ಕಂಡದ್ದಕ್ಕೂ ಔಷಧಕ್ಕೂ ನಡುವೆ ನಾಲ್ವತ್ತೊಂದು ವರ್ಷ! ಶಾಸ್ತ್ರದ ಫಲಕ್ಕೆ ಅವಸರಪಡುವವರು ಈ ಲೆಕ್ಕವನ್ನು ನೆನಪಿಡುವುದು ಒಳ್ಳೆಯದು.

ಈಗ ನಮ್ಮ ಊರಿನ ವಿಷಯಕ್ಕೆ ಬರುವೆವು. ಬೆಂಗಳೂರಿನ ದಕ್ಷಿಣದಲ್ಲಿ ಹೊಸೂರು ರಸ್ತೆಯ ಮೇಲಿರುವ ನಮ್ಮ ಸಿಂಗಸಂದ್ರದಿಂದ ಹೊರಟು ನಗರವನ್ನು ದಾಟಿ ಉತ್ತರದ ಅಂಚಿಗೆ ಹೋದರೆ ಜಕ್ಕೂರು ಸಿಕ್ಕುವುದು. ಅಲ್ಲಿ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿ ಪ್ರಾಧ್ಯಾಪಕಿಯಾಗಿದ್ದ ಮನೀಷಾ ಇನಾಮದಾರ್ ಅವರೂ ಅವರ ಶಿಷ್ಯರೂ ಇಲಿಯ ಭ್ರೂಣದ ಆಕರಕೋಶಗಳನ್ನು ಪರೀಕ್ಷಿಸುತ್ತಿದ್ದಾಗ, ಅದುವರೆಗೆ ವರ್ಣಿತವಾಗದಿದ್ದ ಒಂದು ಜೀನನ್ನು ಕಂಡು, 2003ರಲ್ಲಿ ಅದನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. ಅದಕ್ಕೆ ಅವರು ಇಟ್ಟ ಹೆಸರು 'ಅಸೃಜ್'.

ಈ ಹೆಸರನ್ನು ಕೇಳಿದಾಗ ನಮಗಾದ ಸಂತೋಷವನ್ನು ಮರೆಮಾಚಲಾರೆವು. ಅಮರಸಿಂಹನು ತನ್ನ ಕೋಶದ ಮನುಷ್ಯವರ್ಗದಲ್ಲಿ ರಕ್ತಕ್ಕೆ ಹೇಳಿರುವ ಹೆಸರುಗಳಲ್ಲಿ ಶೋಣಿತ, ಲೋಹಿತ, ಕ್ಷತಜಗಳ ಜತೆಗೆ ಇದೂ ಒಂದು. ಪ್ರಾತಿಪದಿಕವು ಅಸೃಜ್; ಪ್ರಥಮಾ ಏಕವಚನದಲ್ಲಿ ಅಸೃಕ್. ಹೆಂಗಸರ ಅತಿಸ್ರಾವಕ್ಕೆ ವೈದ್ಯರು ಅಸೃಗ್ದರವೆನ್ನುವುದೂ ಈ ಶಬ್ದದಿಂದಲೇ. ವೇದಕಾಲದ ಶಬ್ದವೊಂದು ಜಗತ್ತಿನ ಪ್ರಯೋಗಶಾಲೆಗಳಲ್ಲಿ ಜೀನಿನ ಹೆಸರಾಗಿ ಓಡಾಡುತ್ತಿರುವುದು ಅಲ್ಪವಿಷಯವಲ್ಲ. ಆದರೆ ಹೆಸರಿಗಿಂತ ಹೆಸರಿನ ಒಡೆಯನು ಮಾಡುವ ಕೆಲಸವು ಮುಖ್ಯವಷ್ಟೆ.

ಮಾಗಿದ ಬಾಳೆಯಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣವನ್ನು ಎಲ್ಲರೂ ನೋಡಿರುವರು. ಅದಕ್ಕೂ ಒಂದು ಬಗೆಯ ರಕ್ತವುಂಟು. ಅದರಲ್ಲಿ ಕೆಂಪುಕಣಗಳಿಲ್ಲ, ನಮ್ಮ ಬಿಳಿಕಣಗಳನ್ನು ಹೋಲುವ ಕಣಗಳಿವೆ. ಅದರ ಮರಿಹುಳುವಿನಲ್ಲಿ ಈ ಕಣಗಳು ಹುಟ್ಟುವುದಕ್ಕೆ ಒಂದು ಪುಟ್ಟ ಗ್ರಂಥಿಯುಂಟು. ಆ ಗ್ರಂಥಿಗೆ ಆಜ್ಞೆಗಳನ್ನು ಒಯ್ಯುವ ಓಲೆಕಾರರಲ್ಲಿಯೂ ದ್ವಾರಪಾಲಕರಲ್ಲಿಯೂ ಹಲವರು ನಮ್ಮ ಮಜ್ಜೆಯಲ್ಲಿರುವವರ ದಾಯಾದಿಗಳೇ. ಜಕ್ಕೂರಿನ ಸಂಶೋಧಕರು ನೊಣದಲ್ಲಿ ಅಸೃಜನ್ನು ತೆಗೆದುಹಾಕಿ ನೋಡಿದರು. ಕಾಯ್ದಿಡಬೇಕಾಗಿದ್ದ ಮೂಲಕೋಶಗಳು ಅಕಾಲದಲ್ಲಿಯೇ ಬಲಿತ ಕಣಗಳಾಗಿ ಮಾರ್ಪಟ್ಟು, ಮೂಲವು ಬರಿದಾಗುತ್ತ ಬಂದುದನ್ನು 2011ರಲ್ಲಿ ವರದಿ ಮಾಡಿದರು. 2013ರಲ್ಲಿ ಅದರ ಕಾರಣವೂ ತಿಳಿಯಿತು. ಕೋಶದೊಳಗೆ ಸಂದೇಶಗಳನ್ನು ತುಂಬಿಕೊಂಡು ಓಡಾಡುವ ಸೂಕ್ಷ್ಮವಾದ ಚೀಲಗಳಿವೆ. ಅಸೃಜ್ ಆ ಚೀಲಗಳ ಮೇಲೆ ಕುಳಿತು, ನಾವು ಮೇಲೆ ಹೇಳಿದ ಜಾಕ್ ಮತ್ತು ಸ್ಟ್ಯಾಟುಗಳ ಸಂದೇಶವನ್ನು ಹದದಲ್ಲಿಡುವುದು. ನೊಣದಲ್ಲಿಯೂ ಇಲಿಯ ಕೋಶದಲ್ಲಿಯೂ ಈ ವ್ಯವಸ್ಥೆಯು ಒಂದೇ ಬಗೆಯದಾಗಿತ್ತು.

ಮುಂದೆ ಅಸೃಜ್ ಇಲ್ಲದ ಇಲಿಗಳನ್ನೇ ಹುಟ್ಟಿಸಿ, ಅವುಗಳ ವೃತ್ತಾಂತವನ್ನು 2019ರಲ್ಲಿ 'ಬ್ಲಡ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ವೃತ್ತಾಂತವು ಒಂದು ನೀತಿಕಥೆಯಂತಿದೆ. ಆ ಇಲಿಗಳು ಹುಟ್ಟಿದವು, ಬೆಳೆದವು, ಮರಿಹಾಕಿದವು. ಹೊರಗೆ ಯಾವ ಊನವೂ ಕಾಣಲಿಲ್ಲ. ಆರು ತಿಂಗಳು ತುಂಬುವ ವೇಳೆಗೆ ಅವುಗಳ ರಕ್ತದಲ್ಲಿ ಕಣಗಳ ಸಂಖ್ಯೆಯು ಏರಿತು, ಪ್ಲೀಹವು ಊದಿತು, ಮಜ್ಜೆಯಲ್ಲಿ ಆಕರಕೋಶಗಳು ಹೆಚ್ಚಿದವು. ನೋಡುವವರಿಗೆ ಸಮೃದ್ಧಿಯೆಂದೇ ತೋರಬೇಕು. ಆದರೆ ಆ ಕೋಶಗಳು ತಮ್ಮ ನಿಶ್ಚಲತೆಯನ್ನು ಕಳೆದುಕೊಂಡು ಒಂದೇ ಸಮನೆ ಒಡೆಯುತ್ತಿದ್ದುವು. ವಿಕಿರಣ ಅಥವಾ ತೀಕ್ಷ್ಣವಾದ ಔಷಧದ ಪೆಟ್ಟು ಬಿದ್ದಾಗ ಈ ಸಮೃದ್ಧಿಯ ನಿಜವು ಬಯಲಾಯಿತು: ಆಕರಕೋಶಗಳು ಬೇಗಬೇಗನೆ ದುಡಿದು ಸವೆದು ಮುಗಿದುಹೋದವು, ಬದುಕುಳಿದ ಇಲಿಗಳು ಕಡಮೆಯಾದವು. ಬಿತ್ತನೆಯ ರಾಗಿಯನ್ನೂ ಬೀಸಿ ಹಿಟ್ಟುಮಾಡಿದ ಮನೆಯಲ್ಲಿ ಕೆಲವು ದಿವಸ ಮುದ್ದೆಯು ದೊಡ್ಡದಾಗಿಯೇ ಇರುವುದು. ಮಳೆ ಬಂದಾಗ ಬಿತ್ತುವುದಕ್ಕೆ ಏನೂ ಇರುವುದಿಲ್ಲ.

ಇದರ ಒಳಗುಟ್ಟೇನು? ಕೋಶಗಳಲ್ಲಿ ಪಿ53 ಎಂಬ ಕಾವಲುಗಾರನಿರುವನು. ಕೋಶವು ಮಿತಿಮೀರಿ ಒಡೆಯದಂತೆ ತಡೆಯುವುದು ಅವನ ಕೆಲಸ. ಅರ್ಬುದ ರೋಗಗಳಲ್ಲಿ ಅವನು ಕೆಲಸಮಾಡದಂತಾಗಿರುವುದು ಸಾಮಾನ್ಯ. ಆದರೆ ರಕ್ತದ ಅರ್ಬುದಗಳಲ್ಲಿ ನೂರಕ್ಕೆ ಸುಮಾರು 11ರಲ್ಲಿ ಮಾತ್ರವೇ ಈ ಪಿ53ರ ಜೀನು ಕೆಟ್ಟಿರುವುದು. ಉಳಿದವುಗಳಲ್ಲಿ ಕಾವಲುಗಾರನು ನೆಟ್ಟಗಿದ್ದೂ ಕಳ್ಳತನವು ಹೇಗೆ ನಡೆಯಿತೆಂಬುದು ವಿಚಾರಾರ್ಹವಾದ ಪ್ರಶ್ನೆ. ಈ ಇಲಿಗಳು ಅದಕ್ಕೊಂದು ಉತ್ತರವನ್ನು ಕೊಟ್ಟವು. ಸಿ.ಎಸ್.ಎನ್.5 ಎಂಬ ಇನ್ನೊಂದು ಪ್ರೋಟೀನು ಪಿ53ನ್ನು ನಾಶಕ್ಕೆ ಗುರಿಮಾಡುವುದು. ಅಸೃಜ್ ಆ ಸಿ.ಎಸ್.ಎನ್.5ನ್ನು ಹಿಡಿದು ಬೇರೆಯಿರಿಸುವುದು. ಅಸೃಜ್ ಇಲ್ಲವಾದರೆ ಹಿಡಿತವು ತಪ್ಪಿ, ಕಾವಲುಗಾರನು ಇಲ್ಲವಾಗುವನು. ಪಿ53ನ್ನು ಉಳಿಸುವ ನಟ್ಲಿನ್-3 ಎಂಬ ದ್ರವ್ಯವನ್ನು ಕೊಟ್ಟಾಗ ಕಾವಲುಗಾರನು ಮರಳಿದನು, ಮಿತಿಮೀರಿದ್ದ ಕೋಶಗಳ ಸಂಖ್ಯೆಯೂ ಇಳಿಯಿತು. ಇದರಿಂದ ಮನುಷ್ಯರಿಗೆ ಔಷಧವು ಸಿದ್ಧವಾಯಿತೆಂದು ಯಾರೂ ತಿಳಿಯಬಾರದು. ಔಷಧವನ್ನು ಎಲ್ಲಿ ಹುಡುಕಬಹುದೆಂಬ ಒಂದು ದಾರಿಯು ಕಂಡಿತು; ಸಂಶೋಧಕರು ಹೇಳಿರುವುದೂ ಅಷ್ಟೆ. ನೊಣಕ್ಕಾಗಿಯೂ ಇಲಿಗಾಗಿಯೂ ದೇಶದ ಹಣವನ್ನು ಏಕೆ ವೆಚ್ಚಮಾಡಬೇಕೆಂದು ಕೇಳುವವರಿಗೆ, ಬಾಗಿಲು ಯಾವುದೆಂದು ತಿಳಿಯದೆ ಬೀಗದ ಕೈಯನ್ನು ಮಾಡುವುದು ಸಾಧ್ಯವಿಲ್ಲವೆಂಬುದೇ ನಮ್ಮ ಉತ್ತರ.

ಆಕರಕೋಶಗಳ ಜ್ಞಾನವು ರೋಗಿಯ ಹಾಸಿಗೆಯವರೆಗೆ ಬಂದಿರುವ ಮಾರ್ಗವೂ ಒಂದುಂಟು. ಅದು ಮಜ್ಜೆಯ ಕಸಿ. ಅಮೆರಿಕದ ಡಾನಲ್ ಥಾಮಸ್ ಈ ಕಾರ್ಯಕ್ಕಾಗಿ 1990ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲನ್ನು ಪಡೆದರು. ನಮ್ಮ ದೇಶದಲ್ಲಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿಯೂ, 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿಯೂ ಇದು ಆರಂಭವಾಯಿತು. ಇಂದು ನಮ್ಮ ಹೊಸೂರು ರಸ್ತೆಯಲ್ಲಿಯೇ, ಬೊಮ್ಮಸಂದ್ರದಲ್ಲಿ, ಈ ಚಿಕಿತ್ಸೆಯು ದೊರೆಯುತ್ತದೆ. ಇತ್ತೀಚೆಗೆ, 2024ರ ಡಿಸೆಂಬರಿನಲ್ಲಿ, ವೆಲ್ಲೂರಿನ ಅಲೋಕ್ ಶ್ರೀವಾಸ್ತವ ಮತ್ತು ಅವರ ಸಹೋದ್ಯೋಗಿಗಳು ಇನ್ನೊಂದು ಹೆಜ್ಜೆಯನ್ನು ಲೋಕಕ್ಕೆ ತಿಳಿಸಿದರು. ಹುಟ್ಟಿನಿಂದಲೇ ರಕ್ತವು ಗರಣೆಗಟ್ಟದ ಹಿಮೊಫಿಲಿಯಾ ರೋಗದಿಂದ ನರಳುತ್ತಿದ್ದ ಐವರ ಆಕರಕೋಶಗಳನ್ನು ಹೊರತೆಗೆದು, ಅವುಗಳಲ್ಲಿ ಇಲ್ಲದಿದ್ದ ಜೀನನ್ನು ಸೇರಿಸಿ, ಅವರಿಗೇ ಹಿಂದಕ್ಕೆ ಕೊಟ್ಟರು. ಅನಂತರ ಪರಿಶೀಲನೆಯಲ್ಲಿದ್ದ ಕಾಲದಲ್ಲಿ ಐವರಲ್ಲಿ ಯಾರಿಗೂ ರಕ್ತಸ್ರಾವದ ಬಾಧೆಯು ಕಾಣಿಸಲಿಲ್ಲ. ಐವರ ಅನುಭವದಿಂದ ಸಾರ್ವತ್ರಿಕ ನಿರ್ಣಯವನ್ನು ಮಾಡಲಾಗದಾದರೂ, ಆಶೆಗೆ ಅವಕಾಶವುಂಟು.

ಇಷ್ಟನ್ನು ಹೇಳಿದ ಮೇಲೆ, ಗೃಹಸ್ಥರು ಎಚ್ಚರದಿಂದಿರಬೇಕಾದ ಎರಡು ಮಾತುಗಳನ್ನು ಹೇಳದಿದ್ದರೆ ನಮ್ಮ ಕರ್ತವ್ಯವು ಪೂರ್ಣವಾಗದು. ಮೊದಲನೆಯದು: 'ಸ್ಟೆಮ್ ಸೆಲ್' ಎಂಬ ಶಬ್ದವು ಈಗ ವ್ಯಾಪಾರದ ಶಬ್ದವೂ ಆಗಿದೆ. ಮಂಡಿನೋವು, ಬುದ್ಧಿಮಾಂದ್ಯ, ಪಾರ್ಶ್ವವಾಯು, ಕೂದಲುದುರುವಿಕೆ ಎಲ್ಲಕ್ಕೂ ಇದೇ ಮದ್ದೆಂದು ಸಾರುವವರುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ಜೈವಿಕ ತಂತ್ರಜ್ಞಾನ ಇಲಾಖೆಯೂ 2017ರಲ್ಲಿ ಪ್ರಕಟಿಸಿದ ನಿಯಮಾವಳಿಯು, ರಕ್ತಸಂಬಂಧವಾದ ರೋಗಗಳಿಗೆ ಮಾಡುವ ರಕ್ತದ ಆಕರಕೋಶಗಳ ಕಸಿಯನ್ನು ಮಾತ್ರ ಸಿದ್ಧ ಚಿಕಿತ್ಸೆಯೆಂದು ಒಪ್ಪಿ, ಉಳಿದುದನ್ನು ಕ್ರಮಬದ್ಧವಾದ ಪ್ರಯೋಗಪರೀಕ್ಷೆಯಲ್ಲಿ ಮಾತ್ರ ನಡೆಸತಕ್ಕದ್ದೆಂದು ವಿಧಿಸಿತು. ಹಾಗೆಯೇ ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಹಣಕೊಟ್ಟು ಕೂಡಿಡಿರೆಂದು ಎಲೆಕ್ಟ್ರಾನಿಕ್ ಸಿಟಿಯ ಕಡೆ ಕೆಲಸಕ್ಕೆ ಹೋಗುವ ನಮ್ಮ ನೆರೆಯ ಎಳೆಯ ದಂಪತಿಗಳಿಗೆ ಸಲಹೆಗಳು ಬರುತ್ತಿರುವುವು. ಅವರು ಒಂದನ್ನು ಯೋಚಿಸಬೇಕು. ಮಗುವಿಗೆ ಥಲಸ್ಸೀಮಿಯಾದಂಥ ಹುಟ್ಟುರೋಗವಿದ್ದರೆ, ಬಳ್ಳಿಯ ರಕ್ತದಲ್ಲಿಯೂ ಅದೇ ದೋಷವಿರುವುದು. ಕೆಟ್ಟ ಹೆಪ್ಪಿನಿಂದ ಒಳ್ಳೆಯ ಮೊಸರಾಗುವುದೇ? ಮನೆಯಲ್ಲಿ ಹಿರಿಯ ಮಗುವಿಗೆ ಕಸಿಯಿಂದ ವಾಸಿಯಾಗುವ ರೋಗವಿದ್ದಾಗ, ವೈದ್ಯರ ಸಲಹೆಯ ಮೇರೆಗೆ ತಮ್ಮ ಅಥವಾ ತಂಗಿಯ ಬಳ್ಳಿಯ ರಕ್ತವನ್ನು ಕಾಯ್ದಿಡುವುದು ಬೇರೆಯ ಮಾತು, ಅದು ಯುಕ್ತವೇ.

ಎರಡನೆಯದು ದಾನದ ಮಾತು. ಕಸಿಗೆ ರೋಗಿಯ ಮತ್ತು ದಾನಿಯ ಕೋಶಗಳ ಗುರುತುಗಳು ಹೊಂದಬೇಕು. ಒಡಹುಟ್ಟಿದವರಲ್ಲಿ ಪೂರ್ಣವಾಗಿ ಹೊಂದುವ ಸಂಭವವು ಒಬ್ಬೊಬ್ಬರಿಗೆ ನಾಲ್ಕರಲ್ಲಿ ಒಂದು. ಒಬ್ಬನೇ ಮಗ, ಒಬ್ಬಳೇ ಮಗಳು ಇರುವ ಈಗಿನ ಸಂಸಾರಗಳಲ್ಲಿ ಆ ಒಂದಕ್ಕೂ ಅವಕಾಶವಿಲ್ಲ. ಆಗ ಪರರೇ ಬಂಧುಗಳಾಗಬೇಕು. ಇದಕ್ಕಾಗಿಯೇ ದಾನಿಗಳ ಪಟ್ಟಿಗಳುಂಟು. ಬೆಂಗಳೂರಿನಲ್ಲಿ 1984ರಿಂದ ರಕ್ತದಾನದ ಕೆಲಸವನ್ನು ಮಾಡುತ್ತಿರುವ ಬೆಂಗಳೂರು ಮೆಡಿಕಲ್ ಸರ್ವೀಸಸ್ ಟ್ರಸ್ಟು, ಜರ್ಮನಿಯ ಡಿ.ಕೆ.ಎಂ.ಎಸ್. ಸಂಸ್ಥೆಯೊಡನೆ ಕೂಡಿ 2019ರಲ್ಲಿ ಇಂಥ ಒಂದು ಪಟ್ಟಿಯ ಕಾರ್ಯವನ್ನು ಆರಂಭಿಸಿತು. ಹೆಸರನ್ನು ಕೊಡುವುದಕ್ಕೆ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿದರೆ ಸಾಕು.

ಪಟ್ಟಿಯಲ್ಲಿ ಹೆಸರಿದ್ದ ಯುವಕನಿಗೆ ಕರೆ ಬಂದಾಗ, ಅವನು ಸಿದ್ಧನಾಗಿದ್ದರೂ ಮನೆಯ ಹಿರಿಯರು ಅಡ್ಡಬರುವುದುಂಟು. ಬೆನ್ನುಹುರಿಗೆ ಸೂಜಿ ಹಾಕುವರು, ಮಗನು ಬಲಹೀನನಾಗುವನು ಎಂಬುದು ಅವರ ಭಯ. ಭಯವು ವಾತ್ಸಲ್ಯದಿಂದ ಹುಟ್ಟಿದ್ದಾದರೂ ಆಧಾರವಿಲ್ಲದ್ದು. ಹೆಚ್ಚಿನ ಸಂದರ್ಭಗಳಲ್ಲಿ ಕೆಲವು ದಿವಸ ಚುಚ್ಚುಮದ್ದನ್ನು ಕೊಟ್ಟು, ಅನಂತರ ತೋಳಿನ ರಕ್ತನಾಳದ ಮೂಲಕವೇ ಕೆಲವು ಗಂಟೆಗಳಲ್ಲಿ ಆಕರಕೋಶಗಳನ್ನು ಸಂಗ್ರಹಿಸುವರು. ಆ ಚುಚ್ಚುಮದ್ದಾದರೂ ಏನು? ಕೋಶಗಳನ್ನು ಹೊರಗೆ ಬರಹೇಳುವ ಒಂದು ಸಂಕೇತವೇ! ಆ ದಿವಸಗಳಲ್ಲಿ ಮೈಕೈ ನೋವು ಬರಬಹುದು, ಅದು ಶಮನವಾಗುವುದು. ಎಲುಬಿನಿಂದ ತೆಗೆಯಬೇಕಾಗಿ ಬಂದರೂ ಸೊಂಟದ ಎಲುಬಿನಿಂದ ತೆಗೆಯುವರೇ ಹೊರತು ಬೆನ್ನುಹುರಿಯನ್ನು ಮುಟ್ಟುವುದಿಲ್ಲ. ಕೊಟ್ಟಷ್ಟನ್ನು ಮಜ್ಜೆಯು ಕೆಲವೇ ವಾರಗಳಲ್ಲಿ ತುಂಬಿಕೊಳ್ಳುವುದು. ಇತ್ತ ರೋಗಿಯ ಸ್ಥಿತಿಯನ್ನು ನೋಡಿರಿ: ಹೊಸ ಕೋಶಗಳಿಗೆ ಎಡೆಮಾಡುವುದಕ್ಕಾಗಿ ಅವನ ಮಜ್ಜೆಯನ್ನು ಔಷಧಗಳಿಂದ ಮೊದಲೇ ನಾಶಪಡಿಸುವರು. ಆ ಹಂತದಲ್ಲಿ ದಾನಿಯ ಮನೆಯವರು ಮನಸ್ಸನ್ನು ಬದಲಾಯಿಸಿದರೆ ಆ ಜೀವಕ್ಕೆ ದಿಕ್ಕಿಲ್ಲ. ಆದುದರಿಂದ ಹೆಸರನ್ನು ಕೊಡುವ ಮುಂಚೆಯೇ ಮನೆಯವರೆಲ್ಲರೂ ಕುಳಿತು ಮಾತನಾಡಿ ನಿಶ್ಚಯಿಸತಕ್ಕದ್ದು. ಕೊಟ್ಟ ಮೇಲೆ ಮಾತಿಗೆ ತಪ್ಪತಕ್ಕದ್ದಲ್ಲ.

ನೆರೆಮನೆಯವರು ಸಂಜೆ ಬಂದು ಒಂದು ಚಮಚ ಹೆಪ್ಪನ್ನು ಕೇಳಿದರೆ ನಮ್ಮ ಕಡೆಯ ಯಾವ ಮನೆಯಲ್ಲಿಯೂ ಇಲ್ಲವೆನ್ನುವುದಿಲ್ಲ. ಕೊಟ್ಟದ್ದರಿಂದ ನಮ್ಮ ಪಾತ್ರೆಯು ಬರಿದಾಗದು, ಅವರ ಪಾತ್ರೆಯು ತುಂಬುವುದು ಎಂದು ಎಲ್ಲರೂ ಬಲ್ಲರು. ಅಷ್ಟು ಮಾತ್ರದ ತಿಳಿವಳಿಕೆಯು ರಕ್ತದ ವಿಷಯದಲ್ಲಿಯೂ ಉಂಟಾದರೆ, ಎಷ್ಟೋ ಮನೆಗಳ ದೀಪಗಳು ನಂದದೆ ಉಳಿಯುವುವು.